ಮನೆಯಲ್ಲಿದ್ದವಳ ದನಿ

ಸಿನಿಮಾಗಳಲ್ಲಿ, ವಿಡಿಯೋ ಗೇಮ್‌ಗಳಲ್ಲಿ ಮನುಷ್ಯರು ಸಾಯುವಾಗ ಏನು ಕೇಳಿಸುತ್ತದೆ ಎಂಬುದನ್ನು ಗಮನಿಸುವುದರಲ್ಲೇ ನನ್ನ ಕೆಲಸದ ಬಹುಪಾಲು ವರ್ಷಗಳು ಕಳೆದಿವೆ. ಹೀಗೆಂದರೆ ಕೇಳಿದವರು ನಗುತ್ತಾರೆ. ಮೊದಲ ಸಲ ಕೇಳಿದಾಗ ನಮ್ಮತ್ತೆ, ಅದಕ್ಕೂ ಸಂಬಳ ಕೊಡ್ತಾರಾ ಎಂದಿದ್ದರು.

ಮೈಸೂರಿನಲ್ಲಿ ಪಿಎಚ್‌ಡಿಗೆ ಸೇರಿದಾಗ ನಾನು ಹಿಡಿದದ್ದು ಸಿನಿಮಾದ ಧ್ವನಿಯನ್ನು. ಆಮೇಲೆ ಗೇಮ್‌ಗಳ ಕಡೆ ಹೊರಳಿದೆ, ಆ ಬಗ್ಗೆ ಬರೆದವರು ನಮ್ಮಲ್ಲಿ ಹೆಚ್ಚಿರಲಿಲ್ಲ. ಸಿನಿಮಾದಲ್ಲಿ ಸಾಯುವವನಿಗೆ ಮಾತಾಡಲು ಸಮಯ ಸಿಗುತ್ತದೆ. ಗೇಮ್‌ನಲ್ಲಿ ಸಿಗುವುದಿಲ್ಲ. ಅಲ್ಲಿ ಸಾವು ಎನ್ನುವುದು ಆಡುವವನಿಗೆ ಮುಟ್ಟಿಸುವ ಸುದ್ದಿ ಅಷ್ಟೆ. ಒಂದು ಕೂಗು ಕೇಳಿಸಿತು, ಆಸಾಮಿ ಮುಗಿದ, ಮುಂದೆ ಹೋಗು. ಯಾರಾದರೂ ಸದ್ದಿಲ್ಲದೆ ಬಿದ್ದರೆ ಆಡುವವನು ಗೇಮ್ ಕೆಟ್ಟಿದೆ ಎಂದುಕೊಳ್ಳುತ್ತಾನೆ. ಇದನ್ನೇ ನಾನು ಬೇರೆ ಬೇರೆ ಬಗೆಯಲ್ಲಿ ಬರೆದೆ, ಸಮ್ಮೇಳನಗಳಲ್ಲಿ ಓದಿದೆ, ಕ್ಲಾಸಿನಲ್ಲಿ ಹೇಳಿದೆ.

ನನ್ನ ಗಂಡನಿಗೆ ನಾಗಪುರದ ಒಂದು ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿ ನಾವು ಇಲ್ಲಿಗೆ ಬಂದೆವು. ಹಿಂಗಣಾ ರಸ್ತೆಯಲ್ಲಿ, ಕಾರ್ಖಾನೆಗಳು ಶುರುವಾಗುವುದಕ್ಕೆ ಸ್ವಲ್ಪ ಮೊದಲು, ಆನಿಮೇಷನ್ ಮತ್ತು ಗೇಮ್ ಕಲಿಸುವ ಖಾಸಗಿ ಸಂಸ್ಥೆಯೊಂದಿತ್ತು. ಧ್ವನಿಯ ಪಾಠಕ್ಕೆ ಅವರಿಗೆ ಜನ ಬೇಕಿತ್ತು. ಸೇರಿಕೊಂಡೆ. ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಶಿಫ್ಟಿಗೆ ಹೊರಟ ಬೈಕುಗಳು ಅದೇ ರಸ್ತೆಯಲ್ಲಿ ಗುಂಪುಗುಂಪಾಗಿ ಹೋಗುತ್ತಿದ್ದವು. ಅವುಗಳ ಸದ್ದು ಒಳಗೆ ಬರದಂತೆ ನಮ್ಮ ಸಂಸ್ಥೆಯವರು ಒಂದು ಸಣ್ಣ ಕೋಣೆಯ ಗೋಡೆಗಳಿಗೆ ದಪ್ಪ ಸ್ಪಂಜು ಅಂಟಿಸಿ, ಮೈಕು ನಿಲ್ಲಿಸಿ, ಬೂತ್ ಎಂದು ಕರೆದಿದ್ದರು. ರೆಕಾರ್ಡಿಂಗ್ ಮಾಡುವಾಗ ಏಸಿ ಆರಿಸಲೇಬೇಕು, ಹೊರಗಿನ ಕೂಲರ್ ಕೂಡ. ಏಪ್ರಿಲ್ ಮೇ ತಿಂಗಳಲ್ಲಿ ಆ ಬೂತಿನೊಳಗೆ ಹೋದ ಮಕ್ಕಳು ಹೊರಗೆ ಬರುವಾಗ ಬಟ್ಟೆ ಮೈಗೆ ಅಂಟಿರುತ್ತಿತ್ತು.

ನಾನು ಹೇಳಹೊರಟಿರುವ ಹುಡುಗಿ ನನ್ನ ಕ್ಲಾಸಿಗೆ ಬಂದದ್ದು ಲಾಕ್‌ಡೌನ್ ಕಾಲದಲ್ಲಿ, ಕಂಪ್ಯೂಟರಿನ ಪರದೆಯ ಮೇಲೆ ಒಂದು ಹೆಸರಾಗಿ. ಮುಖ ನೋಡಿದ್ದು ಮರುವರ್ಷ. ಕುಳ್ಳಗಿದ್ದಳು. ಸ್ಕೂಟಿ ನಿಲ್ಲಿಸಿ, ಇಲ್ಲಿನ ಹುಡುಗಿಯರೆಲ್ಲ ಬಿಸಿಲಿಗೆ ಸುತ್ತಿಕೊಳ್ಳುವಂತೆ ಮುಖ ತಲೆಗೆಲ್ಲ ಸುತ್ತಿದ ಓಢಣಿಯನ್ನು ಬಿಚ್ಚುತ್ತಾ ಕಾರಿಡಾರಿನಲ್ಲಿ ಬರುವಳು. ನಾನು ಫೋನಿನಲ್ಲಿ ಅಮ್ಮನ ಜೊತೆ ಮಾತಾಡುವುದನ್ನು ಒಂದು ದಿನ ಕೇಳಿಸಿಕೊಂಡು, ಮಾತು ಮುಗಿಯುವವರೆಗೂ ನಿಂತಿದ್ದು, "ಮ್ಯಾಡಮ್, ನಮ್ಮ ಮನ್ಯಾಗೂ ಕನ್ನಡನ ಅದರಿ" ಎಂದಳು. ಅವಳ ತಂದೆ ಸೋಲಾಪುರದ ಕಡೆಯವರು. ನಾಗಪುರದ ಹೊರಗಿನ ಕೋರಾಡಿಯ ವಿದ್ಯುತ್ ಸ್ಥಾವರದಲ್ಲಿ ಉಗ್ರಾಣದ ಕೆಲಸ, ಅಲ್ಲಿನ ಕಾಲೊನಿಯಲ್ಲೇ ಮನೆ. ಮನೆಯಲ್ಲಿ ಕನ್ನಡ, ಬಾಗಿಲಾಚೆ ಮರಾಠಿ. ಕನ್ನಡ ಓದಲು ಬರುತ್ತದೆಯೇ ಎಂದು ಕೇಳಿದೆ. ಬರುವುದಿಲ್ಲ, ಅಂಗಡಿ ಬೋರ್ಡಿನ ಹೆಸರು ಕೂಡ ಬರುವುದಿಲ್ಲ ಎಂದಳು. ಮೈಸೂರಿನ ನನ್ನ ಕನ್ನಡ ಅವಳಿಗೆ ಟೀವಿಯವರ ಕನ್ನಡದ ಹಾಗೆ ಕೇಳಿಸುತ್ತಿತ್ತಂತೆ. ಅಲ್ಲಿಂದ ನಾವಿಬ್ಬರೂ ಸಿಕ್ಕಾಗಲೆಲ್ಲ ಕನ್ನಡದಲ್ಲಿ ಒಂದೆರಡು ಮಾತಾಡುವುದು ಅಭ್ಯಾಸವಾಯಿತು. ಅವಳದು ಮೆಲುದನಿ. ಹತ್ತಿರ ಬಾಗಿಯೇ ಕೇಳಬೇಕು.

ಮೂರನೆಯ ವರ್ಷದಲ್ಲಿ ಪ್ರತಿಯೊಬ್ಬರೂ ಬೂತಿನೊಳಗೆ ನಿಂತು ಗೇಮ್‌ಗೆ ಬೇಕಾದ ಕೂಗುಗಳನ್ನು ರೆಕಾರ್ಡ್ ಮಾಡಬೇಕು. ಏಟು ಬಿದ್ದದ್ದು, ಎತ್ತರದಿಂದ ಜಿಗಿದದ್ದು, ನೀರಲ್ಲಿ ಉಸಿರು ಕಟ್ಟಿದ್ದು, ಕೊನೆಗೆ ಸತ್ತದ್ದು. ಹುಡುಗರು ಹಾರಾಡಿ ಮಾಡುತ್ತಾರೆ. ಹುಡುಗಿಯರು ನಾಚುತ್ತಾರೆ. ಇವಳಿಗೆ ಮೊದಲ ಸಲ ದನಿಯೇ ಏಳಲಿಲ್ಲ. ಮಾರನೆಯ ವಾರ ತಾನಾಗಿಯೇ ಬಂದು ಮತ್ತೊಮ್ಮೆ ನೋಡುತ್ತೇನೆ ಎಂದಳು. ಮೈಕಿನ ಕಂಬಕ್ಕೆ ಕೈ ತಾಗದ ಹಾಗೆ ದೂರ ನಿಲ್ಲಿಸಿ, ಹೊಟ್ಟೆ ಬಿಗಿ ಹಿಡಿ, ಗಂಟಲಿನಿಂದ ಬೇಡ ಎಂದು ಹೇಳಿ ಬಾಗಿಲು ಹಾಕಿದೆ. ಹೆಡ್‌ಫೋನಿನಲ್ಲಿ ಬಂದ ಕೂಗಿಗೆ ನಾನು ಬೆಚ್ಚಿ ಹಿಂದೆ ಸರಿದೆ. ಹೊರಗೆ ಬಂದವಳ ಮುಖ ಕೆಂಪಾಗಿತ್ತು. ಇಷ್ಟು ಜೋರಾಗಿ ತಾನು ಎಂದೂ ಒದರಿಲ್ಲ, ಕಾಲೊನಿಯಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆ ಎಂದು ನಕ್ಕಳು.

ಆ ವರ್ಷದಿಂದ ಎಲ್ಲರ ಪ್ರಾಜೆಕ್ಟಿಗೂ ಅವಳ ಕೂಗೇ ಬೇಕಾಯಿತು. ಅವಳ ಗುಂಪಿನವರು ಮಾಡಿದ ಗೇಮ್ ಸಾವನೇರ್ ಕಡೆಯ ಗಣಿಗಳನ್ನು ನೋಡಿಬಂದಾಗ ಹೊಳೆದದ್ದು. ಮುಚ್ಚಿದ, ನೀರು ತುಂಬಿದ ಕಲ್ಲಿದ್ದಲ ಗಣಿಯೊಂದಕ್ಕೆ ಇಳಿಯುವ ಹುಡುಗಿಯ ಕಥೆ. ಅದರ ಕೂಗುಗಳನ್ನೆಲ್ಲ ಅವಳೇ ಕೊಟ್ಟಳು, ಅವಳೇ ಕತ್ತರಿಸಿ ಜೋಡಿಸಿದಳು. ಬಹಳ ಅಚ್ಚುಕಟ್ಟು. ಕೂಗಿನ ಹಿಂದಿನ ಉಸಿರು, ಮುಂದಿನ ಕೆಮ್ಮು, ನಡುವಿನ ಮಾತು ಯಾವುದನ್ನೂ ಉಳಿಸುತ್ತಿರಲಿಲ್ಲ. ನಾನು ಕಲಿಸಿದ್ದೂ ಹಾಗೆಯೇ. ಸಂಸ್ಥೆಯ ಕಂಪ್ಯೂಟರಿನಲ್ಲಿ ಎಲ್ಲ ಬ್ಯಾಚಿನವರೂ ಬಳಸಲೆಂದು ಸದ್ದುಗಳ ಒಂದು ಸಂಗ್ರಹವಿತ್ತು. ಅವಳ ಕೂಗುಗಳೂ ಅದಕ್ಕೆ ಸೇರಿದವು.

ಕೋರ್ಸು ಮುಗಿಸಿದಳು. ಪುಣೆಯಲ್ಲಿ ಕೆಲಸ ಸಿಕ್ಕಿತ್ತು, ದೀಪಾವಳಿ ಮುಗಿಸಿಕೊಂಡು ಹೋಗುವವಳಿದ್ದಳು. ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಊರೆಲ್ಲ ಡೆಂಗಿ. ಜ್ವರ ಬಂದ ಎರಡು ಮೂರು ದಿನ ಮನೆಯಲ್ಲೇ ಇದ್ದಳಂತೆ, ಆಮೇಲೆ ಆಸ್ಪತ್ರೆ, ಆಮೇಲೆ ಐಸಿಯು. ಅವಳ ಬ್ಯಾಚಿನವರ ಗ್ರೂಪಿನಲ್ಲಿ ಪ್ಲೇಟ್‌ಲೆಟ್ ಕೊಡುವವರು ಬೇಕು ಎಂಬ ಸಂದೇಶ ಬಂತು. ಅದನ್ನು ನಾನು ನಾಲ್ಕಾರು ಜನರಿಗೆ ಕಳಿಸಿ, ಉತ್ತರಕ್ಕೆ ಕಾಯುತ್ತಿರುವಾಗಲೇ ಅದರ ಕೆಳಗೆ ಅವಳ ಫೋಟೋ ಬಂತು, ಹೂವಿನ ಚಿತ್ರದ ಚೌಕಟ್ಟಿನೊಳಗೆ.

ಚಳಿ ಶುರುವಾದ ಮೇಲೆ ಅವಳ ತಂದೆ ಸಂಸ್ಥೆಗೆ ಬಂದರು. ಕೈಯಲ್ಲಿ ಹೆಲ್ಮೆಟ್ ಹಿಡಿದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದರು. ಅವಳ ಸರ್ಟಿಫಿಕೇಟಿಗೆ ಬಂದಿರಬೇಕು ಎಂದುಕೊಂಡು ಕುರ್ಚಿ ಕೊಟ್ಟೆ. ಕೂತರು. ನೀರು ಕುಡಿದರು. ಬಹಳ ಹೊತ್ತು ಹೆಲ್ಮೆಟ್ಟಿನ ಪಟ್ಟಿಯನ್ನೇ ತಿರುಗಿಸುತ್ತಿದ್ದು ಆಮೇಲೆ ಕೇಳಿದರು.

"ಮ್ಯಾಡಮ್, ಅಕಿ ದನಿ ನಿಮ್ಮ ಹತ್ರ ಏನರ ಅದ ಏನ್ರಿ?"

ಅವರ ಹೆಂಡತಿಗೆ ಮಗಳ ದನಿ ಬೇಕಿತ್ತು. ಮುಖ ಕಣ್ಣ ಮುಂದೆಯೇ ಇದೆ, ದನಿ ಮಾತ್ರ ದಿನದಿನಕ್ಕೆ ದೂರ ಹೋಗುತ್ತಿದೆ ಎಂದು ಅಳುತ್ತಾರಂತೆ. ಮಗಳ ಫೋನಿಗೆ ಬೀಗ ಬಿದ್ದಿದೆ, ಅದರ ಪಿನ್ ಯಾರಿಗೂ ಗೊತ್ತಿಲ್ಲ. ಸೀತಾಬರ್ಡಿ ಪೇಟೆಯ ಫೋನ್ ಅಂಗಡಿಗಳಿಗೆಲ್ಲ ಒಯ್ದು ತೋರಿಸಿದರು. ತೆರೆಯಬಹುದು, ಒಳಗಿನದೆಲ್ಲ ಅಳಿಸಿಹೋಗುತ್ತದೆ ಎಂದರಂತೆ. ವಾಯ್ಸ್ ಮೆಸೇಜ್ ಏನಾದರೂ ನಿಮ್ಮ ಫೋನಿಗೆ ಬಂದಿರಬಹುದಲ್ಲ ಎಂದೆ.

"ಮನ್ಯಾಗ ಇರಾಕಿ ವಾಯ್ಸ್ ಮೆಸೇಜ್ ಯಾಕ ಕಳಸ್ತಾಳ್ರಿ?" ಎಂದರು ಅವರು. "ಒಳಗಿನ ಖೋಲಿಯಿಂದ ಕರದ್ರ ಮುಗೀತು."

ಊರು ಬಿಟ್ಟು ಹೋದ ಮಕ್ಕಳ ದನಿ ಫೋನುಗಳಲ್ಲಿ ತುಂಬಿರುತ್ತದೆ. ಬೇರೆ ಊರಿನಲ್ಲಿರುವ ನನ್ನ ಮಗನದೇ ಎಷ್ಟೊಂದಿದೆ. ಮನೆಯಲ್ಲೇ ಇದ್ದ ಮಗಳದು ಒಂದೂ ಇಲ್ಲ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಹುಡುಕಿ ಕೊಡುತ್ತೇನೆ ಎಂದೆ. ಸದ್ದನ್ನು ಕಾಪಿಡುವುದೇ ನನ್ನ ಕೆಲಸ, ನಾಲ್ಕು ವರ್ಷ ನಮ್ಮಲ್ಲಿ ಓದಿದವಳ ದನಿ ಎಲ್ಲಾದರೂ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆಯಿಂದಲೇ ಹೇಳಿದೆ.

ಸಿಗಲಿಲ್ಲ. ಲಾಕ್‌ಡೌನಿನ ಕ್ಲಾಸುಗಳ ರೆಕಾರ್ಡಿಂಗ್ ಇದ್ದವು, ಅವುಗಳಲ್ಲಿ ನನ್ನ ದನಿ ಮಾತ್ರ ಗಂಟೆಗಟ್ಟಲೆ. ಮಕ್ಕಳನ್ನೆಲ್ಲ ನಾನೇ ಮ್ಯೂಟ್ ಮಾಡಿಸಿರುತ್ತಿದ್ದೆ, ಹಾಜರಿಯನ್ನು ಟೈಪ್ ಮಾಡುತ್ತಿದ್ದರು. ಕೊನೆಯ ವರ್ಷದ ಪರೀಕ್ಷಕರ ಮುಂದಿನ ಪ್ರದರ್ಶನದ ವಿಡಿಯೋ ಇತ್ತು. ಅದರಲ್ಲಿ ಮಾತಾಡಿದ್ದು ಅವಳ ಗುಂಪಿನ ಇನ್ನೊಬ್ಬ, ಇವಳು ಪಕ್ಕದಲ್ಲಿ ಕೂತು ಗೇಮ್ ಆಡಿ ತೋರಿಸುತ್ತಿದ್ದಳು. ಗೆಳತಿಯರನ್ನು ಕೇಳಿದೆ. ಫುಟಾಳಾ ಕೆರೆಯ ದಂಡೆ, ಹುಟ್ಟುಹಬ್ಬ, ವಿದಾಯದ ದಿನದ ಸೀರೆ, ಎಲ್ಲ ವಿಡಿಯೋಗಳನ್ನೂ ಕಳಿಸಿದರು. ಪ್ರತಿಯೊಂದರ ಮೇಲೂ ಯಾವುದೋ ಹಾಡು ಅಂಟಿಸಿದ್ದರು, ಕೆಳಗಿನ ಸದ್ದು ಅಳಿದುಹೋಗಿತ್ತು. ತುಟಿ ಅಲ್ಲಾಡುವುದು ಕಾಣುತ್ತದೆ, ಕೇಳುವುದು ಹಾಡು. ಹಾಡಿಲ್ಲದ ಒಂದೇ ಒಂದು ವಿಡಿಯೋ ಅವಲಕ್ಕಿ ಮಾರುವ ಪೋಹೆ ಗಾಡಿಯ ಮುಂದೆ ತೆಗೆದದ್ದು. ಅದರಲ್ಲಿ ಅವಳು ಏನೋ ಹೇಳುತ್ತಾಳೆ, ಅದೇ ಹೊತ್ತಿಗೆ ಲಾರಿಯೊಂದು ಹಾರ್ನ್ ಹಾಕಿಕೊಂಡು ಹೋಗುತ್ತದೆ. ಗೊತ್ತಿದ್ದ ಉಪಾಯಗಳನ್ನೆಲ್ಲ ಮಾಡಿ ಹಾರ್ನನ್ನು ತೆಗೆದೆ. ಹಾರ್ನಿನ ಜೊತೆ ಅವಳೂ ಹೋದಳು. ಉಳಿದದ್ದು ತಗಡು ಕೆರೆದಂಥ ಸದ್ದು.

ನನ್ನ ಹತ್ತಿರ ಅವಳದು ಎನ್ನುವುದು ಇದ್ದದ್ದು ಆ ಕೂಗುಗಳು ಮಾತ್ರ. ಏಟು, ಜಿಗಿತ, ಉಸಿರು ಕಟ್ಟಿದ್ದು, ಸಾವು. ಅತ್ಯಂತ ಸ್ವಚ್ಛವಾದ ರೆಕಾರ್ಡಿಂಗ್.

ಕಿರಿಯ ಸಹೋದ್ಯೋಗಿಯೊಬ್ಬರು ಇದನ್ನು ಕೇಳಿ, ಈಗ ಸಾಫ್ಟ್‌ವೇರ್‌ಗಳಿವೆಯಲ್ಲ, ಅದಕ್ಕೆ ಈ ಕೂಗುಗಳನ್ನು ಕೊಟ್ಟು ಅವಳ ದನಿಯಲ್ಲಿ ಮಾತಾಡಿಸೋಣ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನೂ ಬೇಡ ಎನ್ನಲಿಲ್ಲ. ಊಟದ ಬಿಡುವಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆವು. ಕನ್ನಡ ಬಾರದ ಅವರು 'ಅಮ್ಮಾ, ನಾನು ಬಂದೆ' ಎಂಬ ಸಣ್ಣ ಮಾತನ್ನು ಮರಾಠಿಯಲ್ಲಿ ಟೈಪ್ ಮಾಡಿದರು. ಬಂದ ದನಿ ಯಾವುದೋ ಹೆಂಗಸಿನದು, ಓಡಿ ಬಂದು ಏದುಸಿರು ಬಿಡುತ್ತಿರುವವಳದು, ಪದದ ನಡುನಡುವೆ ನೋವಿನಿಂದ ನರಳುವವಳದು. ಅವರೇ ಲ್ಯಾಪ್‌ಟಾಪ್ ಮುಚ್ಚಿದರು.

ತಂದೆಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇರುವುದು ಮಾತಲ್ಲ, ಗೇಮ್‌ಗೆಂದು ಮಾಡಿದ ನೋವಿನ ಕೂಗುಗಳು, ಕೊಡಲು ನನಗೆ ಮನಸ್ಸು ಬರುತ್ತಿಲ್ಲ ಎಂದೆ. ಮನೆಗೆ ಬಂದು ನೀವೇ ನನ್ನ ಹೆಂಡತಿಗೆ ಹೇಳಿ, ನನ್ನಿಂದ ಆಗುವುದಿಲ್ಲ ಎಂದರು.

ಭಾನುವಾರ ಕೋರಾಡಿಗೆ ಹೋದೆ. ದೇವಿಯ ಗುಡಿಗೆ ಬಂದವರ ಗಾಡಿಗಳು ರಸ್ತೆಯುದ್ದಕ್ಕೂ ನಿಂತಿದ್ದವು. ಕಾಲೊನಿಯ ಮನೆ ಮೊದಲ ಮಹಡಿಯಲ್ಲಿ. ಮೆಟ್ಟಿಲ ಕಂಬಿಗೆ ಅವಳ ಓಢಣಿ ಇನ್ನೂ ಕಟ್ಟಿತ್ತು, ಒಣಗಲು ಹಾಕಿದವರು ತೆಗೆದಿರಲಿಲ್ಲ. ತಾಯಿ ನನ್ನನ್ನು ಅಕ್ಕೋರೇ ಎಂದು ಕರೆದು ಒಳಗೆ ಕೂರಿಸಿದರು, ಅವರ ಕಡೆ ಕಲಿಸುವ ಹೆಂಗಸಿಗೆ ಹೇಳುವ ಮಾತು ಅದು. ಚಹಾ ಕೊಟ್ಟು ಎದುರಿಗೆ ನೆಲದ ಮೇಲೆ ಕೂತರು. ನಾನು ಹೇಳಿದ್ದನ್ನೆಲ್ಲ ತಲೆಯಾಡಿಸುತ್ತಾ ಕೇಳಿ, ಕೊನೆಗೆ ಅದೇ ಇರಲಿ, ಹಚ್ಚಿರಿ ಎಂದರು.

ಎಲ್ಲಕ್ಕಿಂತ ಮೆತ್ತಗಿನದನ್ನು ಹಾಕಿದೆ. ಸಣ್ಣ ಎತ್ತರದಿಂದ ಜಿಗಿದಾಗ ಬರುವ 'ಹಾ' ಎಂಬ ಉಸಿರು. ಅವರ ಮುಖ ಬದಲಾಗಲಿಲ್ಲ. ಇನ್ನೊಂದು ಎಂದರು. ಇನ್ನೊಂದು ಹಾಕಿದೆ.

"ಸಾಯೋದು ಅದ ಅಂದ್ರೆಲ್ಲ. ಅದನ್ನ ಹಚ್ಚರಿ."

ತಂದೆ ಎದ್ದು ಹೊರಗೆ ಮೆಟ್ಟಿಲ ಕಡೆ ಹೋದರು. ಬೇಡ ಎಂದೆ. ಆಕೆ ನನ್ನನ್ನೇ ನೋಡುತ್ತಾ ಕೂತರು. ಹಾಕಿದೆ. ಆ ಚಿಕ್ಕ ಕೋಣೆಯಲ್ಲಿ, ಗೋಡೆಗೆ ಗೋಡೆ ಹತ್ತಿದ ಆ ಮನೆಯಲ್ಲಿ ಅವಳ ಕೂಗು ತುಂಬಿ ನಿಂತಿತು. ಪಕ್ಕದ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದರು.

ತಾಯಿ ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಇದು ಅಕಿ ಅಲ್ರಿ, ಅಕ್ಕೋರೇ. ಅಕಿ ಒದರಲೇ ಇಲ್ಲ. ಬಾಯಾಗ ನಳಿ ಹಾಕಿದ್ರು. ಸುಮ್ಮನ ನೋಡಕೋತ ನೋಡಕೋತ ಹೋದಳು." ನನ್ನ ಕಪ್ಪನ್ನು ಪಕ್ಕಕ್ಕೆ ಎತ್ತಿಟ್ಟು ಮತ್ತೆ ಹೇಳಿದರು. "ಹಿಂಗ ಒದರಿದ್ರ ಯಾರರ ಓಡಿ ಬರ್ತಿದ್ರೋ ಏನೋ."

ಫೋನ್ ಬ್ಯಾಗಿಗೆ ಹಾಕಿಕೊಂಡೆ. ಹೊರಡುವಾಗ ಆಕೆ ಕೇಳಿದ್ದು ಒಂದೇ, ಇದನ್ನು ಬೇರೆಯವರೂ ಕೇಳುತ್ತಾರೇನು ಎಂದು. ಸುಳ್ಳು ಹೇಳಲಾಗಲಿಲ್ಲ. ಸಂಗ್ರಹದ ವಿಷಯ ಹೇಳಿದೆ, ಈಗ ಓದುತ್ತಿರುವ ಮಕ್ಕಳು ತಮ್ಮ ಗೇಮ್‌ಗಳಿಗೆ ಬಳಸುತ್ತಿದ್ದಾರೆ ಎಂದೆ. "ತಗೀರಿ ಅದನ್ನ" ಎಂದರು.

ವಿಭಾಗದ ಮುಖ್ಯಸ್ಥರು ಕೆಟ್ಟವರಲ್ಲ. ಕೇಳಿ ಬೇಸರಪಟ್ಟರು. ಆದರೆ ಸಂಗ್ರಹ ಸಂಸ್ಥೆಯ ಆಸ್ತಿ, ಅವಳೇ ಒಪ್ಪಿ ಸಹಿ ಮಾಡಿದ್ದಾಳೆ, ನಡುವೆ ತೆಗೆದರೆ ಈ ಸೆಮಿಸ್ಟರಿನ ಪ್ರಾಜೆಕ್ಟುಗಳೆಲ್ಲ ಅಲ್ಲಲ್ಲೇ ಮೂಕವಾಗುತ್ತವೆ, ಬೇಸಿಗೆ ರಜೆಯಲ್ಲಿ ನೋಡೋಣ ಎಂದರು. ನಾನು ಕಾಯಲಿಲ್ಲ. ಆ ದಿನವೇ ಲ್ಯಾಬಿಗೆ ಹೋಗಿ ಅಳಿಸಿದೆ. ಅದಕ್ಕೆ ಕಾರಣ ಕೇಳಿ ಮೇಲಿನವರಿಂದ ಒಂದು ಮೇಲ್ ಬಂತು, ಉತ್ತರ ಕೊಟ್ಟೆ. ಆದರೆ ಸದ್ದುಗಳು ಆಗಲೇ ಮಕ್ಕಳ ಲ್ಯಾಪ್‌ಟಾಪುಗಳಿಗೆ ಇಳಿದುಹೋಗಿದ್ದವು. ಕ್ಲಾಸಿನಲ್ಲಿ ನಡೆದದ್ದನ್ನು ಹೇಳಿ, ಬದಲಾಯಿಸಿಕೊಳ್ಳಿ ಎಂದು ಕೇಳಿಕೊಂಡೆ. ಕೆಲವರು ಅತ್ತರು, ಬದಲಾಯಿಸಿದರು. ಕೆಲವರಿಗೆ ಸಮಯವಿರಲಿಲ್ಲ. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅವರು ಅವಳನ್ನು ನೋಡಿದವರೇ ಅಲ್ಲ.

ಆ ವರ್ಷದ ಪ್ರದರ್ಶನದಲ್ಲಿ ಹೊರಗಿನಿಂದ ಬಂದ ಪರೀಕ್ಷಕರೊಬ್ಬರು ಒಂದು ಗೇಮನ್ನು ಮತ್ತೆ ಮತ್ತೆ ಆಡಿದರು. ಬಾವಿಯಂಥ ಜಾಗವನ್ನು ಪಾತ್ರ ದಾಟಬೇಕು, ಅವರಿಗೆ ದಾಟಿಸಲು ಬರುತ್ತಿರಲಿಲ್ಲ. ಬಿದ್ದಾಗಲೆಲ್ಲ ಸಭಾಂಗಣದ ದೊಡ್ಡ ಸ್ಪೀಕರುಗಳಿಂದ ಅವಳು ಕೂಗಿದಳು. ಪರೀಕ್ಷಕರು ಆಟ ಬಿಟ್ಟು ನನ್ನ ಕಡೆ ತಿರುಗಿ, ಧ್ವನಿ ಮಾತ್ರ ಎಷ್ಟು ನೈಜವಾಗಿದೆ, ನಿಮ್ಮ ಮಕ್ಕಳಿಗೆ ಚೆನ್ನಾಗಿ ಕಲಿಸಿದ್ದೀರಿ ಎಂದರು. ಥ್ಯಾಂಕ್ಸ್ ಎಂದೆ.

ಮುಂದಿನ ವರ್ಷ ಕೂಗುಗಳ ಆ ಪಾಠವನ್ನು ನಾನು ಬಿಟ್ಟುಕೊಟ್ಟೆ. ಈಗ ಅದನ್ನು ಕಲಿಸುವವರು ಬೂತನ್ನು ಅಷ್ಟಾಗಿ ಬಳಸುವುದಿಲ್ಲ, ಬೇಕಾದ ಕೂಗನ್ನು ಕಂಪ್ಯೂಟರೇ ತಯಾರಿಸಿ ಕೊಡುತ್ತದೆ. ಬೂತಿನಲ್ಲಿ ಹಳೆಯ ಕುರ್ಚಿಗಳನ್ನು ಪೇರಿಸಿದ್ದಾರೆ. ನಾನು ಸಿನಿಮಾ ಪಾಠವನ್ನಷ್ಟೇ ಇಟ್ಟುಕೊಂಡಿದ್ದೇನೆ. ಬರೆಯುತ್ತಿದ್ದ ಪುಸ್ತಕವೊಂದಿತ್ತು, ಪ್ರಕಾಶಕರು ಎರಡು ಸಲ ನೆನಪಿಸಿ ಸುಮ್ಮನಾದರು.

ಕೋರಾಡಿಗೆ ಮಾತ್ರ ಹೋಗುತ್ತಲೇ ಇದ್ದೆ. ಎರಡನೆಯ ಸಲ ಹೋದದ್ದು ಅಳಿಸಿದ್ದೇನೆ ಎಂದು ಹೇಳಲಿಕ್ಕೆ. ಆಮೇಲೆ ಕಾರಣವಿಲ್ಲದೆ. ತಾಯಿ ಜೋಳದ ರೊಟ್ಟಿ ಬಡಿಯುತ್ತಾ ಮಗಳ ಮಾತು ತೆಗೆಯುತ್ತಿದ್ದರು. ಒಂದು ದಿನ, ಅವಳು ಚಿಕ್ಕವಳಿದ್ದಾಗ ಸೋಲಾಪುರಕ್ಕೆ ರೈಲಿನಲ್ಲಿ ಹೋಗುವಾಗ ಚಪ್ಪಲಿ ಕಿಟಕಿಯಾಚೆ ಬೀಳಿಸಿದ್ದನ್ನು ಹೇಳುತ್ತಿದ್ದರು. ಬೀಳಿಸಿ ಏನಂದಳು ಗೊತ್ತೇನ್ರಿ ಎಂದು ಕೇಳಿ, ಅವಳು ಅಂದದ್ದನ್ನು ಅಂದು ತೋರಿಸಿದರು.

"ಅವ್ವಾ, ಅದು ತಾನ ಇಳೀತು, ನಾ ಇಳಸಿಲ್ಲ."

ನನ್ನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ದನಿ ಇಳಿದಿತ್ತು, ಮಾತಿನ ಕೊನೆ ಮೇಲಕ್ಕೆದ್ದು ನಿಂತಿತ್ತು, 'ನಾ' ಎನ್ನುವುದರ ಮೇಲೆ ಸಣ್ಣ ಒತ್ತು. ಕಾರಿಡಾರಿನಲ್ಲಿ ಓಢಣಿ ಬಿಚ್ಚುತ್ತಾ ಮಾತಾಡುತ್ತಿದ್ದ ಹುಡುಗಿಯೇ. ತಾಯಿಗೆ ಅದರ ಅರಿವಿರಲಿಲ್ಲ. ರೊಟ್ಟಿ ಮಗುಚಿ ಹಾಕಿ, ತಮ್ಮ ದನಿಯಲ್ಲೇ ಕಥೆ ಮುಂದುವರಿಸಿದರು. ಮಗಳು ಮಾತಾಡುವ ಜಾಗ ಬಂದಾಗಲೆಲ್ಲ ಮತ್ತೆ ಅವಳು ಬಂದು ಹೋಗುತ್ತಿದ್ದಳು. ಹೇಳಿಬಿಡಬೇಕು ಎನಿಸಿತು. ಹೇಳಿದರೆ ಆಕೆ ಮುಂದಿನ ಸಲ ನೆನಪಿಟ್ಟುಕೊಂಡು ಮಾಡಲು ಹೋಗುತ್ತಾರೆ, ಆಗ ಅದು ಬರುವುದಿಲ್ಲ ಎಂದು ಹೆದರಿ ಸುಮ್ಮನಿದ್ದೆ. ರೆಕಾರ್ಡ್ ಮಾಡಿಕೊಳ್ಳಲೂ ಕೈ ಏಳಲಿಲ್ಲ. ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು, ಹೇಳಬೇಕಿತ್ತು ನೀನು ಎಂದರು. ಇರಬಹುದು. ನನಗೆ ಇವತ್ತಿಗೂ ಗೊತ್ತಿಲ್ಲ.

ಆಕೆಗೆ ಮಗಳ ದನಿ ಕೇಳಬೇಕಿತ್ತು, ಅದು ಅವರ ಬಾಯಲ್ಲೇ ಇತ್ತು, ಕೇಳುತ್ತಿದ್ದವಳು ನಾನು. ಒಂದು ವರ್ಷಕ್ಕೂ ಹೆಚ್ಚು ಕಾಲ ಹೀಗೆ ನಡೆಯಿತು.

ಈ ಬೇಸಿಗೆಯಲ್ಲಿ ಹೋದಾಗ ತಾಯಿಗೆ ಮೈ ಹುಷಾರಿರಲಿಲ್ಲ. ಮಂಡಿ ನೋವು, ರಕ್ತದೊತ್ತಡ. ತಂದೆಯ ನಿವೃತ್ತಿ ಹತ್ತಿರ ಬಂದಿದೆ, ಮನೆ ಬಿಡಬೇಕು, ಸೋಲಾಪುರಕ್ಕೋ ಇನ್ನೆಲ್ಲಿಗೋ ನಿರ್ಧಾರವಾಗಿಲ್ಲ. ಕೂಲರಿನ ಮುಂದೆ ಕೂತು ಮಾತಾಡಿದೆವು. ನಾನೇ ಎಳೆದು ರೈಲಿನ ಮಾತು ತೆಗೆದೆ, ಚಪ್ಪಲಿ ಬಿದ್ದದ್ದು ಹೇಳಿ ಎಂದೆ. ಹೇಳಿದರು. ಮಗಳು ಏನಂದಳು ಎನ್ನುವ ಜಾಗ ಬಂತು.

"ಅದು ತಾನ ಇಳೀತು, ನಾ ಇಳಸಿಲ್ಲ ಅಂತ ಅಂದಳ್ರಿ."

ದಣಿದ ದನಿ, ಆಕೆಯದೇ. ನಾನು ಇನ್ನೂ ಒಂದೆರಡು ಸಲ ಬೇರೆ ಬೇರೆ ನೆನಪು ಎತ್ತಿ ನೋಡಿದೆ. ಪ್ರತಿ ಸಲವೂ ಮಾತು ಇತ್ತು, ಹುಡುಗಿ ಇರಲಿಲ್ಲ. ತಂದೆ ಬಂದು ಕೂಲರಿಗೆ ನೀರು ಹಾಕಿದರು. ಕರೆಂಟು ಹೋಗಿ ಬಂತು. ಇನ್ನೊಂದು ಕಪ್ ಚಹಾ ಕುಡಿದು, ಬಿಸಿಲು ತಗ್ಗಿದ ಮೇಲೆ ನಾನು ಸಿಟಿ ಬಸ್ಸು ಹಿಡಿದೆ.